ಮುಖದ ನುಣುಪು, ಕಣ್ಣಿನ ಸ್ಪಷ್ಟತೆ: ಬೀದರ್ ಸೀಮೆಯ ಬೆಳಕಿನಲ್ಲಿ ಪೋರ್ಟ್ರೇಟ್

ಒಳ್ಳೆಯ ಪೋರ್ಟ್ರೇಟ್ ಫೋಟೊದಲ್ಲಿ ಚರ್ಮ ನುಣುಪಾಗಿ ಕಾಣುತ್ತದೆ, ಕಣ್ಣಿನ ರೆಪ್ಪೆಗಳನ್ನೋ ಒಂದೊಂದಾಗಿ ಎಣಿಸಬಹುದು. ಈ ಎರಡು ಗುಣಗಳು ಒಂದಕ್ಕೊಂದು ಆಗಿಬರುವುದಿಲ್ಲ ಎಂಬ ನಂಬಿಕೆ ಬಹಳ ಕಡೆ ಇದೆ. ಅದಕ್ಕೇ ಕೆಲವರು ಎಲ್ಲವನ್ನೂ ಶಾರ್ಪ್ ಮಾಡಿ ಇಪ್ಪತ್ತರ ಹುಡುಗಿಗೆ ನಲವತ್ತರ ಮುಖ ತಂದಿಡುತ್ತಾರೆ, ಇನ್ನು ಕೆಲವರು ಎಲ್ಲವನ್ನೂ ಒರೆಸಿ ಮೇಣದ ಬೊಂಬೆ ಮಾಡುತ್ತಾರೆ. ನಿಜವಾಗಿ ನೋಡಿದರೆ ಇವೆರಡೂ ಬೇರೆ ಬೇರೆ ಅಳತೆಯಲ್ಲಿ ಕೆಲಸ ಮಾಡುವ ಗುಣಗಳು. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ ಬೆಳಕು ಎಷ್ಟು ನಿಧಾನವಾಗಿ ನೆರಳಿಗೆ ತಿರುಗುತ್ತದೆ ಎಂಬುದರಲ್ಲಿ ನುಣುಪು ಇದೆ. ಅದು ದೊಡ್ಡ ಅಳತೆ. ರೆಪ್ಪೆ, ಹುಬ್ಬು, ತುಟಿಯ ಅಂಚು, ಮೂಗುತಿಯ ಹರಳು ಎಷ್ಟು ಖಚಿತವಾಗಿ ಬಂದಿವೆ ಎಂಬುದರಲ್ಲಿ ಸ್ಪಷ್ಟತೆ ಇದೆ. ಅದು ಚಿಕ್ಕ ಅಳತೆ. ತೊಂದರೆ ಕೊಡುವುದು ಇವೆರಡರ ನಡುವಿನದು. ಗುಳ್ಳೆಯ ಸುತ್ತಿನ ಕೆಂಪು, ಕಣ್ಣಡಿಯ ಕಪ್ಪು, ಹಣೆಯ ಮೇಲಿನ ಬೆವರಿನ ಹೊಳಪು, ಬಿಸಿಲಿಗೆ ಕಂದಿದ ತೇಪೆಗಳು ಇಲ್ಲಿ ಬರುತ್ತವೆ. ಈ ನಡುವಿನ ಅಳತೆಯನ್ನು ಮಾತ್ರ ತಣ್ಣಗಾಗಿಸಿ, ಉಳಿದೆರಡನ್ನು ಮುಟ್ಟದೆ ಬಿಟ್ಟರೆ ನುಣುಪೂ ಸ್ಪಷ್ಟತೆಯೂ ಒಂದೇ ಮುಖದಲ್ಲಿ ನಿಲ್ಲುತ್ತವೆ. ಆ ಕೆಲಸದ ಮುಕ್ಕಾಲು ಪಾಲು ಕಂಪ್ಯೂಟರಿಗೆ ಹೋಗುವ ಮೊದಲೇ, ಬೆಳಕಿನಲ್ಲಿಯೇ ಮುಗಿಯಬೇಕು.

ಬೆಳಕು ಮೃದುವೋ ಕಟುವೋ ಎಂದು ತೀರ್ಮಾನಿಸುವುದು ಅದರ ಪ್ರಖರತೆಯಲ್ಲ. ಕುಳಿತವರ ಮುಖದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ಅಗಲ ಕಾಣುತ್ತದೆ ಎಂಬುದೇ ಲೆಕ್ಕ. ಸೂರ್ಯ ಸುಮಾರು 14 ಲಕ್ಷ ಕಿಲೋಮೀಟರ್ ಅಗಲದ ಗೋಳ. ಆದರೆ 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಆಕಾಶದಲ್ಲಿ ಅದರ ಅಗಲ ಅರ್ಧ ಡಿಗ್ರಿ ಮಾತ್ರ. ಹೀಗೆ ಒಂದೇ ದಿಕ್ಕಿನಿಂದ ಬರುವ ಬೆಳಕು ಚರ್ಮದ ಪ್ರತಿ ರಂಧ್ರಕ್ಕೂ ಪ್ರತಿ ಸುಕ್ಕಿಗೂ ಒಂದೊಂದು ಕಪ್ಪು ನೆರಳು ಹಾಕುತ್ತದೆ. ನಾಲ್ಕು ಅಡಿ ಅಗಲದ ಕಿಟಕಿಯ ಎದುರು ನಾಲ್ಕು ಅಡಿ ದೂರದಲ್ಲಿ ಕುಳಿತರೆ ಅದೇ ಮುಖಕ್ಕೆ ಬೆಳಕು 50 ಡಿಗ್ರಿಗೂ ಹೆಚ್ಚಿನ ಹರವಿನಿಂದ ಬರುತ್ತದೆ. ಕಿಟಕಿಯ ಎಡ ಅಂಚಿನ ಬೆಳಕು ಹಾಕಿದ ನೆರಳನ್ನು ಬಲ ಅಂಚಿನ ಬೆಳಕು ತುಂಬುತ್ತದೆ. ಕುರ್ಚಿಯನ್ನು ಕಿಟಕಿಯಿಂದ ಹದಿನಾರು ಅಡಿ ದೂರಕ್ಕೆ ಎಳೆದರೆ ಕಿಟಕಿ 14 ಡಿಗ್ರಿಗೆ ಕುಗ್ಗುತ್ತದೆ, ಮೃದುತನ ಹೋಗುತ್ತದೆ. ಮದುವೆಯ ಹಾಲ್‌ನಲ್ಲಿ ಛತ್ರಿ ಲೈಟನ್ನು ವೇದಿಕೆಯಿಂದ ದೂರ ಇಟ್ಟು, ಛತ್ರಿ ಇದ್ದೂ ಫೋಟೊ ಕಟುವಾಗಿ ಬರುತ್ತದೆ ಎಂದು ಬೇಸರಪಡುವವರು ಗಮನಿಸಬೇಕಾದ ಲೆಕ್ಕ ಇದು. ಒಂದು ಮೀಟರ್ ಅಗಲದ ಛತ್ರಿ ಮುಖದಿಂದ ಒಂದು, ಒಂದೂವರೆ ಮೀಟರ್ ಒಳಗಿದ್ದರೆ ಮಾತ್ರ ಅದು ಛತ್ರಿಯ ಕೆಲಸ ಮಾಡುತ್ತದೆ.

ಬೀದರ್ ನಗರ ಇರುವುದು ಉತ್ತರಕ್ಕೆ ಸುಮಾರು 17.9 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಮೇ ಎರಡನೇ ವಾರದಲ್ಲಿ, ಮತ್ತೆ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ನಡುಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗಸ್ಟ್‌ನಲ್ಲಿ ಮೋಡ ಅಡ್ಡ ಬಂದು ಇಡೀ ಆಕಾಶವೇ ಬೆಳಕಿನ ಮೂಲವಾಗುತ್ತದೆ. ಮೇ ತಿಂಗಳಲ್ಲಿ ಆ ಉಪಕಾರವಿಲ್ಲ. ಮದುವೆಗಳು ಹೆಚ್ಚು ನಡೆಯುವುದೂ ಆಗಲೇ. ಅಕ್ಷತೆ ಮುಗಿದು ವಧೂವರರನ್ನು ಅಂಗಳಕ್ಕೆ ಕರೆತರುವ ಹೊತ್ತಿಗೆ ಹುಬ್ಬಿನ ನೆರಳು ಕಣ್ಣಿನ ಗೂಡನ್ನು ತುಂಬಿರುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬಿದ್ದಿರುತ್ತದೆ. ಯಾವ ಲೆನ್ಸೂ ಇದನ್ನು ಸರಿಮಾಡುವುದಿಲ್ಲ. ಪಡಸಾಲೆಯ ಅಂಚಿಗೆ, ಬೇವಿನ ಮರದ ದಟ್ಟ ನೆರಳಿಗೆ ಸರಿಯುವುದೊಂದೇ ದಾರಿ. ಮರ ತೆಳುವಾಗಿದ್ದರೆ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಕೂರುತ್ತವೆ. ಅದಕ್ಕಿಂತ ಗೋಡೆಯ ನೆರಳೇ ವಾಸಿ.

ಈ ಜಿಲ್ಲೆಯ ನೆಲವೂ ಮುಖಕ್ಕೆ ಬೆಳಕು ಕೊಡುತ್ತದೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೆಂಪು ಕಲ್ಲು, ಕೆಂಪು ಮಣ್ಣು ಬಿಸಿಲನ್ನು ಕೆಳಗಿನಿಂದ ಹಿಂತಿರುಗಿಸಿ ಗದ್ದ ಮತ್ತು ಕತ್ತಿನ ನೆರಳಿಗೆ ಬೆಚ್ಚನೆಯ ಬಣ್ಣ ತುಂಬುತ್ತವೆ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಎರೆಮಣ್ಣು. ಕಪ್ಪು ಮಣ್ಣು ಬೆಳಕನ್ನು ನುಂಗಿಬಿಡುತ್ತದೆ. ಉತ್ತಿ ಬಿಟ್ಟ ಎರೆಹೊಲದ ನಡುವೆ ನಿಂತ ರೈತನ ಗದ್ದದ ಕೆಳಗೆ ನೆರಳು ಇದ್ದಿಲಿನಷ್ಟು ಕಪ್ಪಾಗುತ್ತದೆ, ತೊಗರಿ ಸೋಯಾ ಎದ್ದು ನಿಂತ ಹೊಲದಲ್ಲಿ ಅದೇ ನೆರಳಿಗೆ ಹಸಿರು ಹತ್ತುತ್ತದೆ. ಇದಕ್ಕೆ ದುಬಾರಿ ರಿಫ್ಲೆಕ್ಟರ್ ಬೇಕಿಲ್ಲ. ಮಡಿಸಿದ ಬಿಳಿ ಧೋತರವನ್ನು ಬಿಚ್ಚಿ ಎದೆಯ ಮಟ್ಟದ ಕೆಳಗೆ, ಫ್ರೇಮಿನಿಂದ ಹೊರಗೆ ಹಿಡಿದರೆ ಸಾಕು. ಕಣ್ಣಡಿಯ ಕಪ್ಪು ಹಾಗೇ ತೆಳುವಾಗುತ್ತದೆ, ಕಣ್ಣುಗುಡ್ಡೆಯ ಕೆಳಭಾಗದಲ್ಲಿ ಎರಡನೆಯ ಮಿಂಚು ಹುಟ್ಟುತ್ತದೆ. ಸುಣ್ಣ ಬಳಿದ ಗೋಡೆಯ ಎದುರು ಕೂರಿಸುವುದರಿಂದಲೂ ಇದೇ ಲಾಭ.

ಬೀದರ್ ಕೋಟೆಯ ಬಾಗಿಲುಗಳು, 1472ರ ಮಹಮೂದ್ ಗವಾನ್ ಮದರಸಾದ ಕಮಾನುಗಳು, ಅಷ್ಟೂರಿನ ಬಹಮನಿ ಗೋರಿಗಳು ಇಂದು ಮದುವೆಗೆ ಮುಂಚಿನ ಫೋಟೊಗಳಿಗೆ ಬೇಡಿಕೆಯ ಜಾಗಗಳು. ಅನೇಕರು ಜೋಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಹಿಂದೆ ಸ್ಮಾರಕ ಬರುವಂತೆ ತೆಗೆಯುತ್ತಾರೆ. ಮುಖ ಮುಖ್ಯವೆನ್ನುವವರು ಕಮಾನಿನ ಒಳಗೆ, ನೆರಳಿನ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ ಹೊರಗಿನ ಆಕಾಶದ ಕಡೆಗೆ ಮುಖ ಮಾಡಿಸಬೇಕು. ಆಗ ಕಮಾನಿನ ಬಾಯಿಯೇ ಇಪ್ಪತ್ತು ಅಡಿಯ ಕಿಟಕಿಯಾಗುತ್ತದೆ, ಹಿನ್ನೆಲೆ ತಾನಾಗಿ ಕತ್ತಲಾಗುತ್ತದೆ. ಭುಜವನ್ನು ಸ್ವಲ್ಪ ಓರೆ ಮಾಡಿಸಿದರೆ ಒಂದು ಕೆನ್ನೆ ನೆರಳಿಗೆ ತಿರುಗಿ ಮುಖಕ್ಕೆ ಆಕಾರ ಬರುತ್ತದೆ. ನೆರಳೇ ಇಲ್ಲದ ಬೆಳಕು ನುಣುಪಲ್ಲ, ಚಪ್ಪಟೆ. ಈ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಯ್ಯಲು ಮೊದಲೇ ಅನುಮತಿ ಪಡೆಯಬೇಕು.

ಕಿಟಕಿಯ ಬೆಳಕಿನ ಈ ಜ್ಞಾನ ಹಳೆಯದು. ಹತ್ತೊಂಬತ್ತನೇ ಶತಮಾನದ ಸ್ಟುಡಿಯೊಗಳಿಗೆ ಗಾಜಿನ ಮಾಡು ಇರುತ್ತಿತ್ತು, ಅದರ ಕೆಳಗೆ ಪರದೆಗಳನ್ನು ಸರಿಸಿ ಬೆಳಕನ್ನು ಹದಮಾಡುತ್ತಿದ್ದರು. ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್‌ದಯಾಳ್ (1844–1905) ಸಿಕಂದರಾಬಾದ್‌ನಲ್ಲಿ ಸ್ಟುಡಿಯೊ ನಡೆಸುತ್ತಿದ್ದರು. 1892ರಲ್ಲಿ ಪರದೆಯೊಳಗಿನ ಹೆಂಗಸರಿಗಾಗಿ ಹೈದರಾಬಾದ್‌ನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೊ ತೆರೆದರು, ಅದನ್ನು ನಡೆಸಿದ್ದೂ ಒಬ್ಬ ಮಹಿಳೆ. ಮುಖಕ್ಕೆಂದೇ ಲೆಕ್ಕ ಹಾಕಿ ಮಾಡಿದ ಲೆನ್ಸ್ ಬಂದದ್ದು ಅದಕ್ಕೂ ಮೊದಲು, 1840ರಲ್ಲಿ. ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಆ ಲೆನ್ಸ್ ನಡುವೆ ಖಚಿತ, ಅಂಚಿಗೆ ಹೋದಂತೆ ಮಸುಕು. ಕಣ್ಣು ನಡುವಿಗೆ ಬಂದರೆ ಕಿವಿ, ಕೂದಲು, ಭುಜ ತಾವಾಗಿ ಕರಗುತ್ತಿದ್ದವು.

ಆ ಕಾಲದ ಗಾಜಿನ ಪ್ಲೇಟುಗಳಿಗೆ ಒಂದು ದೊಡ್ಡ ಕೊರತೆ ಇತ್ತು. ಅವು ನೀಲಿ ಬೆಳಕನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತಿದ್ದವು, ಕೆಂಪು ಅವಕ್ಕೆ ಕತ್ತಲೆ. ಚರ್ಮದ ಕಲೆಗಳೆಲ್ಲ ಹೆಚ್ಚಾಗಿ ಕೆಂಪು ಅಥವಾ ಕಂದು. ನೀಲಿ ಬೆಳಕಿನಲ್ಲಿ ಅವು ಎದ್ದು ಕಾಣುತ್ತವೆ, ಕೆಂಪು ಬೆಳಕಿನಲ್ಲಿ ಹೆಚ್ಚು ಕಡಿಮೆ ಮಾಯವಾಗುತ್ತವೆ. ಆದ್ದರಿಂದ ಪ್ಲೇಟಿನ ಮೇಲೆ ಪ್ರತಿ ಮಚ್ಚೆಯೂ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತಿತ್ತು. ರೀಟಚಿಂಗ್ ಎಂಬ ಕಸುಬು ಬೆಳೆಯಲು ಇದೊಂದು ಮುಖ್ಯ ಕಾರಣ. ನೆಗೆಟಿವ್‌ನಲ್ಲಿ ಕಲೆ ಇರುವ ಕಡೆ ಪಾರದರ್ಶಕವಾಗಿರುತ್ತದೆ. ಅಲ್ಲಿ ಚೂಪು ಪೆನ್ಸಿಲ್‌ನಿಂದ ನವಿರಾದ ಗೀರುಗಳನ್ನು ಎಳೆದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ಫಿಲ್ಮ್ ಕಾಲ ಮುಗಿಯುವವರೆಗೂ ಊರೂರಿನ ಸ್ಟುಡಿಯೊಗಳಲ್ಲಿ ಈ ಕೆಲಸ ನಡೆಯಿತು. ಆ ಕೈಗಳು ಕಲೆಯನ್ನು ಮುಚ್ಚುತ್ತಿದ್ದವು, ಚರ್ಮವನ್ನಲ್ಲ. ಇಂದು ಕಪ್ಪು ಬಿಳುಪು ಪೋರ್ಟ್ರೇಟ್ ಮಾಡುವವರು ಬಣ್ಣದ ಚಿತ್ರದ ಕೆಂಪು ಚಾನೆಲ್‌ಗೆ ಹೆಚ್ಚು ಪಾಲು ಕೊಟ್ಟು ಪರಿವರ್ತಿಸಿದರೆ ಅರ್ಧ ರೀಟಚಿಂಗ್ ಅಷ್ಟರಲ್ಲೇ ಮುಗಿಯುತ್ತದೆ. ತುಟಿಯೂ ಕುಂಕುಮವೂ ಮಂಕಾಗದಂತೆ ನೋಡಿಕೊಂಡರಾಯಿತು.

ಮೃದು ಎಂದರೆ ಫೋಕಸ್ ತಪ್ಪಿದ್ದು ಎಂಬ ತಪ್ಪು ತಿಳಿವಳಿಕೆಯನ್ನು ಬಿಡಿಸಲು ಸಾಫ್ಟ್ ಫೋಕಸ್ ಲೆನ್ಸುಗಳ ರೀತಿ ನೋಡಬೇಕು. ಗೋಳಾಕಾರದ ಗಾಜಿನ ನಡುಭಾಗದಿಂದ ಬಂದ ಕಿರಣಗಳು ಒಂದು ಕಡೆ ಸೇರುತ್ತವೆ, ಅಂಚಿನಿಂದ ಬಂದವು ಸ್ವಲ್ಪ ಬೇರೆ ಕಡೆ. ಸಾಮಾನ್ಯ ಲೆನ್ಸಿನಲ್ಲಿ ಈ ದೋಷವನ್ನು ತೆಗೆದುಹಾಕುತ್ತಾರೆ, ಸಾಫ್ಟ್ ಫೋಕಸ್ ಲೆನ್ಸಿನಲ್ಲಿ ಬೇಕೆಂದೇ ಉಳಿಸುತ್ತಾರೆ. ಫಲವಾಗಿ ಪ್ರತಿ ಬಿಂದುವೂ ಖಚಿತವಾಗಿ ಮೂಡಿ, ಅದರ ಸುತ್ತ ತೆಳುವಾದ ಬೆಳಕಿನ ಪ್ರಭೆ ಹರಡುತ್ತದೆ. ರೆಪ್ಪೆ ಸ್ಪಷ್ಟ, ಚರ್ಮ ಮೃದು, ಎರಡೂ ಒಂದೇ ಕ್ಲಿಕ್ಕಿನಲ್ಲಿ. ಫೋಕಸ್ ತಪ್ಪಿದ ಚಿತ್ರದಲ್ಲಿ ಖಚಿತವಾದ ಆ ತಿರುಳೇ ಇರುವುದಿಲ್ಲ. ಕ್ಯಾನನ್ ಕಂಪನಿ 1987ರಲ್ಲಿ ತಂದ 135 ಎಂಎಂ ಸಾಫ್ಟ್ ಫೋಕಸ್ ಲೆನ್ಸಿನಲ್ಲಿ ಈ ಪ್ರಭೆಯನ್ನು ಬೇಕಾದಷ್ಟು ಏರಿಸಿ ಇಳಿಸಬಹುದಿತ್ತು. ಈಗ ಅದೇ ಕೆಲಸಕ್ಕೆ ಕಡಿಮೆ ಬೆಲೆಯ ಡಿಫ್ಯೂಷನ್ ಫಿಲ್ಟರುಗಳು ಸಿಗುತ್ತವೆ. ಹಿನ್ನೆಲೆಯಲ್ಲಿ ಸೀರಿಯಲ್ ಲೈಟು ಇರುವ ಕಡೆ ಮಾತ್ರ ಇವುಗಳನ್ನು ಎಚ್ಚರದಿಂದ ಬಳಸಬೇಕು, ಪ್ರತಿ ಬಲ್ಬಿಗೂ ಪ್ರಭೆ ಕಟ್ಟುತ್ತದೆ.

ಸ್ಪಷ್ಟತೆ ಎಲ್ಲಿ ಬೇಕು ಎಂಬ ಪ್ರಶ್ನೆಗೆ ಉತ್ತರ ಒಂದೇ: ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಟ್ಟು ಸುಮಾರು 6 ಸೆಂಟಿಮೀಟರ್. ರೆಪ್ಪೆ ಸರಿ ಬಂದರೆ ಕಿವಿ ಹೋಗುತ್ತದೆ. ಮುಖ ಓರೆಯಾಗಿದ್ದರೆ ದೂರದ ಕಣ್ಣೂ ಹೋಗುತ್ತದೆ. ಅದೇ ಲೆನ್ಸನ್ನು 5.6ಕ್ಕೆ ಮುಚ್ಚಿದರೆ ಆಳ 18–19 ಸೆಂಟಿಮೀಟರಿಗೆ ಬೆಳೆದು ಮೂಗಿನ ತುದಿಯಿಂದ ಕಿವಿಯವರೆಗೆ ಎಲ್ಲ ಕೂಡುತ್ತದೆ. ದುಬಾರಿ ಲೆನ್ಸ್ ಕೊಂಡವರು ಅದನ್ನು ಪೂರ್ತಿ ತೆರೆದೇ ತೆಗೆಯಬೇಕೆಂದು ಹಟ ಹಿಡಿಯುವುದರಿಂದ ಎಷ್ಟೋ ಮದುವೆ ಆಲ್ಬಂಗಳಲ್ಲಿ ವರನ ಕಣ್ಣು ಸರಿಯಿದ್ದು ವಧುವಿನ ಕಣ್ಣು ಮಸುಕಾಗಿರುತ್ತದೆ. ಒಬ್ಬರಿಗೆ 2.8, ಇಬ್ಬರಿಗೆ 4 ಅಥವಾ 5.6 ಸುರಕ್ಷಿತ. ಹಿನ್ನೆಲೆ ಕರಗಬೇಕೆಂದರೆ ಜೋಡಿಯನ್ನು ಗೋಡೆಯಿಂದ ದೂರ ತರಬೇಕು. ಶಟರ್ ವೇಗ 1/125ಕ್ಕಿಂತ ಕೆಳಗೆ ಇಳಿದರೆ ಕೈ ಅಲುಗದಿದ್ದರೂ ಎದುರಿನವರು ಅಲುಗುತ್ತಾರೆ. ಮಕ್ಕಳಿಗೆ 1/250 ಕೂಡ ಕಡಿಮೆಯೇ.

ದೂರದ ವಿಷಯವೂ ಇಲ್ಲಿಯೇ ಬರುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು, ಮುಖ ಫ್ರೇಮ್ ತುಂಬಲೆಂದು ಅದನ್ನು ಹಿಡಿದು ಒಂದು ಅಡಿ ಹತ್ತಿರ ಹೋದರೆ ಮೂಗು ದಪ್ಪಗಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದು ಲೆನ್ಸಿನ ತಪ್ಪಲ್ಲ, ನಿಂತ ಜಾಗದ ತಪ್ಪು. ಐದಾರು ಅಡಿ ಹಿಂದೆ ನಿಂತು ಫೋನಿನ ಟೆಲಿ ಲೆನ್ಸ್ ಬಳಸಿದರೆ, ಅದಿಲ್ಲದಿದ್ದರೆ 2ಎಕ್ಸ್ ಒತ್ತಿದರೆ, ಮುಖ ತನ್ನ ಅಳತೆಗೆ ಮರಳುತ್ತದೆ.

ಬಿದ್ರಿ ಕುಶಲಕರ್ಮಿಯ ಫೋಟೊ ಈ ಎಲ್ಲ ಮಾತುಗಳಿಗೆ ಒಂದು ಗಟ್ಟಿ ಪರೀಕ್ಷೆ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ಕಲೆಯಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಕೆಲಸದ ಕೋಣೆ ಚಿಕ್ಕದು, ಬೆಳಕು ಬಾಗಿಲೊಂದರಿಂದಲೇ. ಕುಶಲಕರ್ಮಿ ತಲೆ ತಗ್ಗಿಸಿ ಉಳಿ ಹಿಡಿದಿರುತ್ತಾರೆ, ಕಣ್ಣುಗುಡ್ಡೆ ಕಾಣುವುದಿಲ್ಲ. ಹಾಗಾಗಿ ಕ್ಯಾಮೆರಾದ ಐ ಫೋಕಸ್ ಹುಬ್ಬಿಗೋ ಕನ್ನಡಕದ ಅಂಚಿಗೋ ಹೋಗಿ ಅಂಟಿಕೊಳ್ಳುತ್ತದೆ. ಅದನ್ನು ಆರಿಸಿ, ಒಂದೇ ಫೋಕಸ್ ಬಿಂದುವನ್ನು ಹತ್ತಿರದ ಕಣ್ಣಿನ ರೆಪ್ಪೆಯ ಸಾಲಿನ ಮೇಲೆ ಇಡಬೇಕು. ಕಪ್ಪು ಪಾತ್ರೆಗಳೇ ಫ್ರೇಮ್ ತುಂಬಿದ್ದರೆ ಮೀಟರ್ ಮೋಸ ಹೋಗಿ ಎಕ್ಸ್‌ಪೋಷರ್ ಏರಿಸುತ್ತದೆ, ಹಣೆ ಬೆಳ್ಳಗೆ ಸುಟ್ಟುಹೋಗುತ್ತದೆ. ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡಿದರೆ ಲೋಹದ ಕಪ್ಪು ಕಪ್ಪಾಗಿಯೇ ಉಳಿದು, ಬೆಳ್ಳಿಯ ಗೆರೆ ಕೂದಲೆಳೆಯಷ್ಟು ಸ್ಪಷ್ಟವಾಗಿ, ಮುಖ ತನ್ನ ಬಣ್ಣದಲ್ಲಿ ಬರುತ್ತದೆ.

ಮುಖ ತನ್ನ ಬಣ್ಣದಲ್ಲಿ ಬರಬೇಕು ಎಂಬುದನ್ನು ಒತ್ತಿ ಹೇಳಲೇಬೇಕು. ನುಣುಪು ಮಾಡುವುದೆಂದರೆ ಬೆಳ್ಳಗೆ ಮಾಡುವುದು ಎಂಬ ಅಭ್ಯಾಸ ಈ ಕಸುಬಿಗೆ ಹತ್ತಿದ ಕೆಟ್ಟ ರೋಗ. ಅದರ ಬೇರು ಹಳೆಯದು. 1950ರ ದಶಕದಿಂದ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿ ಇದ್ದದ್ದು ಬಿಳಿಯ ಮಹಿಳೆಯ ಮುಖ. ಆ ಮುಖ ಸರಿಯಾಗಿ ಬಂದರೆ ಎಲ್ಲರ ಮುಖವೂ ಸರಿ ಎಂದು ನಂಬಿದರು. ಮೊಬೈಲ್ ಕಾಲದಲ್ಲೂ ಆ ಒಲವು ಬ್ಯೂಟಿ ಮೋಡ್ ರೂಪದಲ್ಲಿ ಮುಂದುವರಿಯಿತು. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಮುಖ ತಿದ್ದುವ ವ್ಯವಸ್ಥೆ ತಾನಾಗಿ ಚಾಲೂ ಇರದಂತೆ 2020ರಲ್ಲಿ ಬದಲಿಸಿತು, 2021ರಲ್ಲಿ ಕಪ್ಪು ಮತ್ತು ಕಂದು ಚರ್ಮವನ್ನು ನಿಜದಂತೆ ತೋರಿಸಲು ರಿಯಲ್ ಟೋನ್ ತಂದಿತು. ಕಪ್ಪು ಚರ್ಮದಲ್ಲಿ ಆಕಾರ ಹುಟ್ಟುವುದು ಹೆಚ್ಚಾಗಿ ಹೊಳಪಿನಿಂದ. ಕೆನ್ನೆಯ ಏಣು, ಮೂಗಿನ ದಂಡೆಯ ಮೇಲೆ ಅಗಲವಾದ ಮೃದು ಹೊಳಪು ಬಿದ್ದರೆ ಆ ಮುಖದಷ್ಟು ನುಣುಪು ಮತ್ತಾವುದಕ್ಕೂ ಬರುವುದಿಲ್ಲ. ಬೆವರಿನ ಚುಕ್ಕೆ ಹೊಳಪನ್ನು ಟಿಶ್ಯೂ ಕಾಗದ ಒತ್ತಿ ತೆಗೆದರೆ ಸಾಕು, ಪೌಡರ್ ಬಳಿದರೆ ಮುಖ ಬೂದಿಯಾಗುತ್ತದೆ.

ಔರಾದ್ ತಾಲ್ಲೂಕಿನ ತಾಂಡಾಗಳಲ್ಲಿ ಹಿರಿಯ ಲಂಬಾಣಿ ಹೆಂಗಸರ ಉಡುಪಿನ ಕನ್ನಡಿ ಚೂರುಗಳು, ಬೆಳ್ಳಿಯ ಒಡವೆಗಳು ಫೋಟೊಗೆ ಬೇಕಾದ ಸ್ಪಷ್ಟತೆಯನ್ನು ತಾವೇ ತಂದುಕೊಡುತ್ತವೆ. ಅಲ್ಲಿ ಮುಖವನ್ನು ಶಾರ್ಪ್ ಮಾಡುವ ಗೊಡವೆಗೆ ಹೋಗಬೇಕಿಲ್ಲ. ನೇರ ಫ್ಲ್ಯಾಶ್ ಹೊಡೆದರೆ ಮಾತ್ರ ಪ್ರತಿ ಕನ್ನಡಿಯೂ ಬಿಳಿ ಬೊಟ್ಟಾಗಿ ಕಣ್ಣನ್ನು ಮುಖದಿಂದ ಎಳೆದೊಯ್ಯುತ್ತದೆ. ಕಲ್ಯಾಣ ಮಂಟಪಗಳ ತೊಡಕು ಬೇರೆ. ನೇರಳೆ, ಹಸಿರು ಎಲ್‌ಇಡಿ ಬೆಳಕು ಕೆನ್ನೆಯ ಮೇಲೆ ತೇಪೆಯಾಗಿ ಕೂತರೆ ಯಾವ ಸಾಫ್ಟ್‌ವೇರೂ ಅದನ್ನು ಸಲೀಸಾಗಿ ಬಿಡಿಸದು. ಐದು ನಿಮಿಷ ಆ ಲೈಟುಗಳನ್ನು ಆರಿಸುವಂತೆ ಮನೆಯವರನ್ನು ಕೇಳಿಕೊಳ್ಳುವುದೇ ಅತ್ಯುತ್ತಮ ರೀಟಚಿಂಗ್.

ಕಂಪ್ಯೂಟರಿನ ಕೆಲಸದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಏನನ್ನು ಉಳಿಸಬೇಕು ಎಂಬುದು. ವಾರದಲ್ಲಿ ತಾನಾಗಿ ಹೋಗುವ ಗುಳ್ಳೆ, ತರಚಿದ ಗೀರು ತೆಗೆಯಬಹುದು. ಹುಟ್ಟುಮಚ್ಚೆ, ಹಚ್ಚೆ, ಹಳೆಯ ಗಾಯದ ಗುರುತು ಆ ಮನುಷ್ಯನವು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಹಿರಿಯರ ಮುಖದ ಮೇಲೆ ಉಳಿದಿರುವ ಆ ಕುಳಿಗಳು ಒಂದು ತಲೆಮಾರಿನ ದಾಖಲೆ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನೂರು ವರ್ಷ ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಅಂಥ ಮುಖದ ಗೆರೆಗಳನ್ನು ಒರೆಸುವ ಹಕ್ಕು ಯಾವ ಸ್ಲೈಡರ್‌ಗೂ ಇಲ್ಲ. ಸುಕ್ಕನ್ನು ಅಳಿಸದೆ ಅದರ ನೆರಳನ್ನು ಸ್ವಲ್ಪ ತಿಳಿ ಮಾಡಿದರೆ ವಯಸ್ಸೂ ಉಳಿಯುತ್ತದೆ, ಮುಖವೂ ಹಗುರಾಗುತ್ತದೆ.

ಇಡೀ ಮುಖವನ್ನು ಬ್ಲರ್ ಮಾಡುವ ಪ್ಲಗಿನ್‌ಗಳು ಮೂರು ಅಳತೆಗಳನ್ನೂ ಒಟ್ಟಿಗೆ ಒರೆಸುತ್ತವೆ. ಫ್ರೀಕ್ವೆನ್ಸಿ ಸೆಪರೇಶನ್ ಎಂಬ ವಿಧಾನದಲ್ಲಿ ಚಿತ್ರವನ್ನು ಎರಡು ಪದರ ಮಾಡುತ್ತಾರೆ: ಒಂದರಲ್ಲಿ ಬಣ್ಣ ಮತ್ತು ನೆರಳು, ಇನ್ನೊಂದರಲ್ಲಿ ರಂಧ್ರ ಮತ್ತು ಕೂದಲು. ಮೊದಲನೆಯದರಲ್ಲಿ ತೇಪೆಗಳನ್ನು ಹದಮಾಡಿ ಎರಡನೆಯದನ್ನು ಮುಟ್ಟದೆ ಬಿಟ್ಟರೆ ಚರ್ಮ ಚರ್ಮವಾಗಿಯೇ ಉಳಿಯುತ್ತದೆ. 2019ರಲ್ಲಿ ಅಡೋಬಿ ಕಂಪನಿ ಲೈಟ್‌ರೂಮ್‌ಗೆ ಸೇರಿಸಿದ ಟೆಕ್ಸ್ಚರ್ ಸ್ಲೈಡರ್ ನಡುವಿನ ಅಳತೆಯನ್ನೇ ಗುರಿಯಾಗಿಸಿಕೊಂಡದ್ದು. ಮುಖದ ಮೇಲೆ ಅದನ್ನು ಮೈನಸ್ ಹತ್ತು, ಹದಿನೈದಕ್ಕೆ ಇಳಿಸಿದರೆ ಬಹಳ ಸಲ ಬೇರೇನೂ ಬೇಡ. ಬಳಿಕ ಶಾರ್ಪನಿಂಗ್. ಅದರ ಹಳೆಯ ಹೆಸರು ಅನ್‌ಶಾರ್ಪ್ ಮಾಸ್ಕ್. ಡಾರ್ಕ್‌ರೂಮಿನಲ್ಲಿ ನೆಗೆಟಿವ್‌ನ ಮಸುಕಾದ ಪ್ರತಿಯೊಂದನ್ನು ಅದರ ಜೊತೆಗೇ ಇಟ್ಟು ಪ್ರಿಂಟ್ ಹಾಕಿ ಅಂಚುಗಳನ್ನು ಎತ್ತುತ್ತಿದ್ದ ಉಪಾಯ ಅದು. ಲೈಟ್‌ರೂಮ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಮಾಸ್ಕಿಂಗ್ ಸ್ಲೈಡರ್ ಏರಿಸಿದರೆ ಪರದೆ ಕಪ್ಪಾಗಿ ಶಾರ್ಪ್ ಆಗುವ ಅಂಚುಗಳು ಮಾತ್ರ ಬಿಳಿಯಾಗಿ ಕಾಣುತ್ತವೆ. ಕೆನ್ನೆ ಪೂರ್ತಿ ಕಪ್ಪಾಗಿ, ಕಣ್ಣು, ಹುಬ್ಬು, ತುಟಿ, ಕೂದಲು ಬಿಳಿಯಾಗಿ ಉಳಿದ ಕಡೆ ಕೈ ನಿಲ್ಲಿಸಬೇಕು.

ಕೊನೆಯ ಮಾತು ಪ್ರಿಂಟಿನದು. ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. 12×18 ಇಂಚಿನ ಕರಿಷ್ಮಾ ಆಲ್ಬಂ ಹಾಳೆಗೆ 3600×5400, ಅಂದರೆ 19 ಮೆಗಾಪಿಕ್ಸೆಲಿಗೂ ಮಿಕ್ಕಿ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ಈ ಅಳತೆಗೆ ಹಿಗ್ಗಿಸಿದರೆ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆದ್ದರಿಂದ ಲ್ಯಾಬಿಗೆ ಮೂಲ ಫೈಲನ್ನೇ ಕೊಡಬೇಕು. ಮ್ಯಾಟ್ ಕಾಗದ ಶಾರ್ಪ್‌ನೆಸ್ಸನ್ನು ಸ್ವಲ್ಪ ತಿನ್ನುತ್ತದೆ, ಅದಕ್ಕೆ ಶಾರ್ಪನಿಂಗ್ ತುಸು ಹೆಚ್ಚಿರಲಿ. ಗ್ಲಾಸಿ ಕಾಗದಕ್ಕೆ ತುಸು ಕಡಿಮೆ. ಪರದೆಯ ಮೇಲೆ ಶೇಕಡಾ 100ಕ್ಕೆ ಹಿಗ್ಗಿಸಿ ನೋಡಿ ಚರ್ಮ ತಿದ್ದುವವರು ಯಾವಾಗಲೂ ಹೆಚ್ಚು ತಿದ್ದುತ್ತಾರೆ. ಪ್ರಿಂಟ್ ಆಗುವ ಅಳತೆಗೆ ಚಿತ್ರವನ್ನು ಕಿರಿದು ಮಾಡಿ, ಆಲ್ಬಂ ತೆರೆದವರು ಕೂರುವಷ್ಟು ದೂರದಿಂದ ನೋಡಿ, ಆಗಲೂ ಕಣ್ಣಿಗೆ ಬೀಳುವ ಕಲೆಯನ್ನು ಮಾತ್ರ ತಿದ್ದಿದರೆ ಸಾಕಾಗುತ್ತದೆ.